ಹದ ಬಲ್ಲ ಬೆರಳು

ಸರ್ವಿದಿ ದೊಡ್ಡಪ್ಪ ನನಗೆ ರಕ್ತಸಂಬಂಧದಲ್ಲಿ ಏನೂ ಆಗಬೇಕಿಲ್ಲ. ಜಾವಾದ ಕ್ಲಾತೆನ್‌ನಲ್ಲಿ ರಿಮೋಟ್ ಕಾರಿನ ಹುಚ್ಚು ಹಿಡಿದ ಮೂವತ್ತು ಮಂದಿ ಗಂಡಸರಿದ್ದೇವೆ, ನಮ್ಮೆಲ್ಲರಿಗೂ ಅವರು ದೊಡ್ಡಪ್ಪನೇ. ಪಕ್ಕದ ಚೆಪೆರ್‌ನ ಎರಕದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಲೇತಿನ ಮುಂದೆ ನಿಂತು ನೀರಿನ ಪಂಪಿನ ಬಿಡಿಭಾಗ ಕಡೆದವರು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಮನೆಯ ಜಗಲಿಯಲ್ಲಿ ಒಂದು ಮೇಜು ಹಾಕಿಕೊಂಡು ಹೊಲಿಗೆ ಯಂತ್ರ, ಫ್ಯಾನು, ಏನು ಬಂದರೂ ಬಿಚ್ಚಿ ಕೂಡಿಸುತ್ತಿದ್ದರು. ಬಾತುಮೊಟ್ಟೆ ವ್ಯಾಪಾರಿ ವಾಹೋನೊ ಒಂದು ದಿನ ತನ್ನ ಕಾರಿನ ಡಿಫ್ ತಂದು ಆ ಮೇಜಿನ ಮೇಲಿಟ್ಟ. ಅಂದಿನಿಂದ ಹೊಲಿಗೆ ಯಂತ್ರಗಳ ಸರತಿ ಹಿಂದಕ್ಕೆ ಹೋಯಿತು.

ಡಿಫ್ ಎಂದರೆ ಡಿಫರೆನ್ಷಿಯಲ್. ಲಾರಿಯ ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿಯ ಹಾಗೆ ಉಬ್ಬಿಕೊಂಡಿರುತ್ತದಲ್ಲ, ಅದೇ. ನಮ್ಮ ಮೊಳದುದ್ದದ ಕಾರಿನಲ್ಲಿ ಅದು ನಿಂಬೆಹಣ್ಣಿನಷ್ಟಿರುತ್ತದೆ, ಒಂದಲ್ಲ, ಮೂರು: ಮುಂದೆ, ನಡುವೆ, ಹಿಂದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಓಡಬೇಕು, ಒಳಗಿನದು ಕಡಿಮೆ. ಅದನ್ನು ಸರಿದೂಗಿಸುವ ಹಲ್ಲಿನ ಚಕ್ರಗಳು ಈ ಡಬ್ಬಿಯೊಳಗೆ ಸಿಲಿಕೋನ್ ಎಣ್ಣೆಯಲ್ಲಿ ಮುಳುಗಿರುತ್ತವೆ. ಎಣ್ಣೆ ತೆಳುವಾದರೆ ಯಾವ ಚಕ್ರ ನೆಲ ಬಿಟ್ಟಿದೆಯೋ ಶಕ್ತಿಯೆಲ್ಲ ಅದಕ್ಕೇ ಹರಿದು ಪೋಲಾಗುತ್ತದೆ. ಗಟ್ಟಿಯಾದರೆ ಕಾರು ತಿರುಗಲು ಹಟ ಮಾಡುತ್ತದೆ. ಎಣ್ಣೆಯ ಗಟ್ಟಿತನಕ್ಕೆ ಅಂಕಿಗಳಿವೆ: ಮೂರು ಸಾವಿರ, ಐದು ಸಾವಿರ, ಏಳು ಸಾವಿರ. ಅಂಗಡಿಯ ಬಾಟಲಿಗಳ ಮೇಲೆ ಅಚ್ಚಾಗಿರುವುದು ಈ ಅಂಕಿಗಳೇ.

ದೊಡ್ಡಪ್ಪನ ಬಾಟಲಿಗಳ ಮೇಲೆ ಏನೂ ಅಚ್ಚಾಗಿರಲಿಲ್ಲ. ಹಳೆಯ ಪರಿಚಯದ ಗೋದಾಮಿನಿಂದ ಕಾರ್ಖಾನೆಗಳಿಗೆ ಹೋಗುವ ಸಿಲಿಕೋನ್ ಎಣ್ಣೆಯನ್ನು ಒಂದು ಡಬ್ಬ ಗಟ್ಟಿಯದು, ಒಂದು ಡಬ್ಬ ತೆಳುವಿನದು ತಂದು, ಶರಬತ್ತಿನ ಖಾಲಿ ಬಾಟಲಿಗಳಲ್ಲಿ ತಾವೇ ಬೆರೆಸುತ್ತಿದ್ದರು. ತೋರುಬೆರಳನ್ನು ಅದ್ದಿ, ಹೆಬ್ಬೆರಳಿಗೆ ಉಜ್ಜಿ, ಎರಡನ್ನೂ ನಿಧಾನವಾಗಿ ಬಿಡಿಸುವರು. ಆಮೇಲೆ "ಏಳು" ಎನ್ನುವರು, ಇಲ್ಲವೇ "ಇನ್ನೊಂದು ತೊಟ್ಟು ತೆಳುವಿಂದು ಬೇಕು" ಎನ್ನುವರು. ಒಮ್ಮೆ ವಾಹೋನೊ ಅಂಗಡಿಯ ಐದು ಬಾಟಲಿಗಳಿಗೆ ಕಾಗದ ಸುತ್ತಿ ತಂದು ಪರೀಕ್ಷೆಗಿಟ್ಟ. ದೊಡ್ಡಪ್ಪ ಐದನ್ನೂ ಸರಿಯಾಗಿ ಹೇಳಿ, "ಮೂರನೇ ಬಾಟಲಿ ಹಳೇದು ಕಣೋ, ನಿನಗೆ ಟೋಪಿ ಹಾಕಿದ್ದಾರೆ" ಎಂದರು. ನಮಗೆ ಅಷ್ಟು ಸಾಕಾಯಿತು.

ಅವರು ಡಿಫ್ ಕೂಡಿಸುವುದನ್ನು ನೋಡಲೆಂದೇ ನಾನು ಮಧ್ಯಾಹ್ನ ನನ್ನ ಜೆರಾಕ್ಸ್ ಅಂಗಡಿಗೆ ಬೀಗ ಹಾಕಿ ಹೋಗುತ್ತಿದ್ದೆ. ರಬ್ಬರ್ ಬಳೆಗೆ ಜಿಡ್ಡು ಸವರಿ ಕೂರಿಸುವುದು, ಕಡ್ಡಿಯಷ್ಟು ತೆಳುವಾದ ಅಡ್ಡಪಿನ್ನಿಗೆ ಪುಟ್ಟ ಚಕ್ರಗಳನ್ನು ಪೋಣಿಸುವುದು, ಆಮೇಲೆ ಎಣ್ಣೆ. ಅಡ್ಡಪಿನ್ನು ಮುಳುಗಿದ ಕೂಡಲೇ ಕೈ ನಿಲ್ಲಬೇಕು. ಅಂಚಿನವರೆಗೆ ತುಂಬಿಸಿದರೆ ಓಟದ ಬಿಸಿಗೆ ಎಣ್ಣೆ ಉಬ್ಬಿ ಸೋರಿಬಿಡುತ್ತದೆ. ಗುಳ್ಳೆಗಳೆಲ್ಲ ಮೇಲೆ ಬಂದು ಒಡೆಯುವವರೆಗೆ ಅವರು ಮಾತಾಡುತ್ತಿರಲಿಲ್ಲ. ಮುಚ್ಚಳದ ಕೆಳಗಿಡುವ ಪ್ಯಾಕಿಂಗ್ ಕಾಗದವನ್ನು ಸಿಮೆಂಟ್ ಚೀಲದ ಒಳಪದರದಿಂದ ಕತ್ತರಿಸುತ್ತಿದ್ದರು. ಕಂದು ಬಣ್ಣದ ಆ ಉಂಗುರ ಕಂಡರೆ ಇದು ದೊಡ್ಡಪ್ಪನ ಕೈಕೆಲಸ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಕೊನೆಗೆ ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿದು, ಹಲ್ಲಿನ ಚಕ್ರ ಹಿಡಿದುಕೊಂಡು ದಂಡವನ್ನು ಒಮ್ಮೆ ತಿರುವಿ ನೋಡಿ, ನಮ್ಮ ಕೈಗಿಡುವರು. ಕಾರು ಓಡಿಸಲು ಮಾತ್ರ ಅವರಿಗೆ ಬರುತ್ತಿರಲಿಲ್ಲ. ಒಮ್ಮೆ ಒತ್ತಾಯ ಮಾಡಿ ರಿಮೋಟ್ ಕೊಟ್ಟೆವು, ಕಾರು ನೇರವಾಗಿ ಕಾಲುವೆಗೆ ಹೋಯಿತು. ಅವರಿಗೆ ಅದರಿಂದ ಬೇಸರವೇನೂ ಆಗಲಿಲ್ಲ.

ಎರಡೂವರೆ ವರ್ಷದ ಹಿಂದೆ ನನ್ನ ಕಾರು ಇದ್ದಕ್ಕಿದ್ದಂತೆ ಮುಗ್ಗರಿಸತೊಡಗಿತು. ವೇಗ ಕೊಟ್ಟರೆ ಮುಂದಿನ ಚಕ್ರಗಳು ಗಾಳಿಯಲ್ಲಿ ಗಿರ್ರೆಂದು ಸುತ್ತುವುವು, ಕಾರು ನಿಂತಲ್ಲೇ ಒದ್ದಾಡುವುದು. ಮನೆಗೆ ತಂದು ನಡುವಿನ ಡಿಫ್ ಬಿಚ್ಚಿದೆ. ಎಣ್ಣೆ ಸೋತೊ ಸಾರಿನ ಹಾಗೆ ಹರಿಯಿತು. ಒಮ್ಮೆ ಯಾರಿಗಾದರೂ ಕೈ ತಪ್ಪುತ್ತದೆ ಎಂದುಕೊಂಡೆ. ಮುಂದಿನ ವಾರವೂ ಹಾಗೇ ಆಯಿತು. ಅದರ ಮುಂದಿನ ವಾರ ಹಿಂದಿನ ಡಿಫ್‌ನಲ್ಲಿ ಜೇನಿನಷ್ಟು ಗಟ್ಟಿಯ ಎಣ್ಣೆ ಇತ್ತು.

ಅದೇ ದಿನಗಳಲ್ಲಿ ಪೈನೆಮ್ ದೊಡ್ಡಮ್ಮ, ಎಂದರೆ ಅವರ ಹೆಂಡತಿ, ಕುದಿಯುವ ಚಹಾ ತಂದಿಟ್ಟರು. ನಾನು ಲೋಟದ ಅಂಚು ಹಿಡಿದು ಕೈ ಹಿಂದೆಗೆದೆ. ದೊಡ್ಡಪ್ಪ ಇಡೀ ಅಂಗೈಯಲ್ಲಿ ಲೋಟವನ್ನು ಹಿಡಿದುಕೊಂಡು ಮಾತು ಮುಂದುವರಿಸಿದರು. ಅವರಿಗೆ ಸಕ್ಕರೆ ಕಾಯಿಲೆ ಇರುವುದು ಎಲ್ಲರಿಗೂ ಗೊತ್ತಿತ್ತು, ಆ ಲೋಟದಲ್ಲಿ ಮೂರು ಚಮಚ ಸಕ್ಕರೆ ಇರುವುದೂ ಗೊತ್ತಿತ್ತು. ಬೆರಳಿನ ಸ್ಪರ್ಶ ಹೋಗಿದೆ ಎಂದು ನನಗೆ ಆಗಲೇ ಅರ್ಥವಾಯಿತು. ಹೇಳಬಹುದಿತ್ತು. ಹೇಳಲಿಲ್ಲ.

ನಮ್ಮ ಜಾವಾದಲ್ಲಿ ದಾಕ್ಷಿಣ್ಯ ಎನ್ನುವುದು ಬಹಳ ದೊಡ್ಡ ಗುಣ. ಹಿರಿಯರ ಮುಖಕ್ಕೆ ಇಲ್ಲ ಎನ್ನಬಾರದು, ಅವರ ತಪ್ಪನ್ನು ಅವರಿಗೆ ತೋರಿಸಬಾರದು. ಹಾಗೆ ಬೆಳೆದವನು ನಾನು, ಅದರ ಬಗ್ಗೆ ಹೆಮ್ಮೆಯೂ ಇತ್ತು. ಆದ್ದರಿಂದ ಶುಕ್ರವಾರ ಅವರ ಬಳಿ ಡಿಫ್ ತುಂಬಿಸಿಕೊಂಡು ಬರುವುದು, ಶನಿವಾರ ಮನೆಯಲ್ಲಿ ಬಿಚ್ಚಿ ಎಣ್ಣೆ ಚೆಲ್ಲಿ ಬೇರೆ ತುಂಬುವುದು, ಭಾನುವಾರ ಓಡಿಸುವುದು ಎಂದು ಮಾಡಿಕೊಂಡೆ. ಬಿಚ್ಚಿದಾಗ ಅವರ ಕಾಗದ ಹರಿದುಹೋಗುತ್ತಿತ್ತು. ಅಂಗಡಿಯ ಬಿಳಿ ಕಾಗದ ಹಾಕಿದರೆ ಎಂದಾದರೂ ಸಿಕ್ಕಿಬೀಳುತ್ತೇನೆ ಎಂದು, ಪಕ್ಕದಲ್ಲಿ ಮನೆ ಕಟ್ಟುತ್ತಿದ್ದವರಿಂದ ಸಿಮೆಂಟ್ ಚೀಲ ತಂದು ಅವರದ್ದೇ ಅಳತೆಗೆ ಕತ್ತರಿಸಿದೆ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ ಎಂಬುದನ್ನೂ ಹೇಳಿಬಿಡುತ್ತೇನೆ.

ನಾನೊಬ್ಬನೇ ಹೀಗೆ ಎಂದುಕೊಂಡಿದ್ದೆ. ಎಣ್ಣೆ ತರಲು ಸೋಲೋ ನಗರದ ಅಂಗಡಿಗೆ ಹೋದಾಗ ಅಲ್ಲಿ ವಾಹೋನೊ ನಿಂತಿದ್ದ. ನನ್ನನ್ನು ಕಂಡವನೇ ಕೈಯಲ್ಲಿದ್ದುದನ್ನು ಅಂಗಿಯೊಳಗೆ ಸೇರಿಸಿದ.

"ಏನಯ್ಯಾ ಇಲ್ಲಿ?" ಎಂದೆ.

"ಮೊಟ್ಟೆ ಕೊಡೋಕೆ ಬಂದಿದ್ದೆ."

"ಆಟಿಕೆ ಅಂಗಡೀಲಿ ಮೊಟ್ಟೆ ಯಾರು ತಗೊಳ್ತಾರೆ?"

"ನೀನೇನು, ಇಲ್ಲಿ ಜೆರಾಕ್ಸ್ ಮಾಡಿಸೋಕೆ ಬಂದ್ಯಾ?"

ಆಮೇಲೆ ಅವನು ಅಂಗಿಯೊಳಗಿಂದ ಏಳು ಸಾವಿರದ ಬಾಟಲಿ ತೆಗೆದು ತೋರಿಸಿದ. ಮೂವತ್ತು ಜನರೂ ಹಾಗೇ ಮಾಡುತ್ತಿದ್ದಾರೆ ಎಂದು, ಒಬ್ಬೊಬ್ಬರನ್ನೇ ಇದೇ ಅಂಗಡಿಯಲ್ಲಿ ಕಂಡಿದ್ದ ಅವನಿಂದ ತಿಳಿಯಿತು. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ, ಅಷ್ಟೆ. ಯಾರಾದರೂ ದೊಡ್ಡಪ್ಪನಿಗೆ ಹೇಳಬೇಕು ಎಂದು ಇಬ್ಬರೂ ಒಪ್ಪಿಕೊಂಡೆವು. ಆ ಯಾರಾದರೂ ಎನ್ನುವವನು ನಮ್ಮಿಬ್ಬರಲ್ಲಿ ಒಬ್ಬನೂ ಆಗಿರಲಿಲ್ಲ.

ಹೀಗೆ ಎರಡು ವರ್ಷ ನಡೆಯಿತು. ಭಾನುವಾರ ಹಳೆಯ ಹೊಗೆಸೊಪ್ಪಿನ ಕೊಟ್ಟಿಗೆಯ ಹಿಂದೆ, ಪಂದ್ಯ ನಡೆಸುವ ನಮ್ಮ ಮಣ್ಣಿನ ದಾರಿಯ ಬಳಿ ದೊಡ್ಡಪ್ಪ ಚಾಪೆ ಹಾಕಿ ಕೂರುತ್ತಿದ್ದರು. ಕಾರುಗಳು ಚೆನ್ನಾಗಿ ಓಡುತ್ತಿದ್ದವು. ಗೆದ್ದವನು ಬಂದು ಅವರ ಕೈ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಿದ್ದ. ನಾನೂ ಆರೇಳು ಸಲ ಗೆದ್ದು ಹಾಗೆ ಮಾಡಿದ್ದೇನೆ.

ಆಮೇಲೆ ಪಾರ್ಲಿನ್ ಬಂದ. ಸುಮಾತ್ರಾದ ಬಟಾಕ್ ಜನದವನು, ಬೈಪಾಸ್ ರಸ್ತೆಯಲ್ಲಿ ಟೈರ್ ಅಂಗಡಿ ತೆರೆದಿದ್ದ. ಬಟಾಕರು ಗಟ್ಟಿಗಂಟಲಿನವರು ಎಂದು ನಮ್ಮ ಕಡೆ ಮಾತು. ಇವನು ನಮಗಿಂತ ಮೆಲ್ಲಗೆ ಮಾತಾಡುವವನು. ಆದರೆ ಹೇಳಬೇಕಾದ್ದನ್ನು ಹೇಳುತ್ತಿದ್ದ. ಎಲ್ಲರೂ ಹೊಗಳುವುದನ್ನು ಕೇಳಿ ಅವನೂ ತನ್ನ ಡಿಫ್‌ಗಳನ್ನು ದೊಡ್ಡಪ್ಪನ ಬಳಿ ತುಂಬಿಸಿಕೊಂಡ. ಮನೆಗೆ ಹೋಗಿ ಬಿಚ್ಚಬೇಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನೇರವಾಗಿ ತಂದು ಓಡಿಸಿದ. ಮೂರನೆಯ ಸುತ್ತಿಗೆ ಕಾರನ್ನು ಎತ್ತಿಕೊಂಡು ಚಾಪೆಯ ಬಳಿ ಬಂದ.

"ದೊಡ್ಡಪ್ಪಾ, ನಡುವಿನ ಡಿಫ್‌ಗೆ ಏಳು ಹಾಕ್ತೀನಿ ಅಂದಿದ್ರಿ. ಇದು ಏಳಲ್ಲ. ಎರಡೂ ಇಲ್ಲ."

ಸುತ್ತ ಇದ್ದವರೆಲ್ಲ ತಂತಮ್ಮ ಕಾರಿನ ಕಡೆ ಬಗ್ಗಿದರು.

"ತಪ್ಪನ್ನ ಎಣ್ಣೆ ಮೇಲೆ ಯಾಕಪ್ಪಾ ಹಾಕ್ತೀಯಾ? ರಿಮೋಟ್ ಒತ್ತೋ ಬೆರಳು ಪಳಗಬೇಕು," ಎಂದರು ದೊಡ್ಡಪ್ಪ ನಗುತ್ತ. "ವಾಹೋನೊಗೆ ಹಾಕಿದ್ದೂ ಇದೇ ಬಾಟಲೀದು. ಅವನ ಕಾರು ಹೇಗೆ ಎಳೀತಿದೆ ನೋಡು."

"ಹಾಗಾದ್ರೆ ಅವನದ್ದು ಬಿಚ್ಚಿ ನೋಡೋಣ."

"ಈಗ ಯಾಕೆ ಸುಮ್ನೆ," ಎಂದ ವಾಹೋನೊ. "ಬಿಸಿ ಇದೆ, ಕೈ ಸುಡುತ್ತೆ."

"ಕೊಡೋ ಇಲ್ಲಿ," ಎಂದರು ದೊಡ್ಡಪ್ಪ.

ಬಿಚ್ಚಿದರೆ ಒಳಗೆ ಬಿಳಿ ಕಾಗದ. ದೊಡ್ಡಪ್ಪ ಅದನ್ನು ಚಿಮ್ಮಟದಿಂದ ಎತ್ತಿ ಹಿಡಿದರು. "ಇದು ನಂದಲ್ಲ."

"ಸೋರ್ತಿತ್ತು ದೊಡ್ಡಪ್ಪ. ಒಂದ್ಸಲ ನಾನೇ..."

"ಎಣ್ಣೆನೂ ಬದಲಾಯಿಸಿದ್ಯಾ?"

"ಸ್ವಲ್ಪ."

"ಸ್ವಲ್ಪ ಅಂದ್ರೆ ಎಷ್ಟೋ? ಅದರಲ್ಲಿ ಹಿಡಿಯೋದೇ ಒಂದು ಚಮಚ."

ದೊಡ್ಡಪ್ಪನ ಮುಖ ಬಿಳುಚಿಕೊಂಡಿತು. ಅವರು ತಮ್ಮ ಬಲಗೈಯ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಪ್ರಿಹಾದಿ, ನಿಂದು ಕೊಡು" ಎಂದರು.

ಬಿಚ್ಚುವ ಮೊದಲು ಪಾರ್ಲಿನ್ ಅದರ ದಂಡ ತಿರುವಿ ನೋಡಿದ. "ಇದು ಸರಿಯಾಗಿದೆ. ಏಳು" ಎಂದ. ದೊಡ್ಡಪ್ಪ ಸ್ಕ್ರೂ ತೆಗೆದು ಮುಚ್ಚಳ ಎತ್ತಿದರು. ಕಂದು ಕಾಗದದ ಉಂಗುರ ಕಂಡಿತು. ಅವರ ಮುಖಕ್ಕೆ ಮತ್ತೆ ರಕ್ತ ಬಂದಿತು.

"ಇದನ್ನ ಯಾರೂ ಬಿಚ್ಚಿಲ್ಲ ತಾನೇ?"

"ಇಲ್ಲ ದೊಡ್ಡಪ್ಪ," ಎಂದೆ.

"ನೋಡಪ್ಪಾ," ಎಂದು ಅವರು ಪಾರ್ಲಿನ್‌ಗೆ ತೋರಿಸಿದರು. "ಇದು ನನ್ನ ಕೈದು. ನಿಂದ್ರಲ್ಲಿ ಯಾವುದೋ ಬಾಟಲಿ ಅದಲುಬದಲು ಆಗಿರಬೇಕು. ಇನ್ನೊಂದ್ಸಲ ಹಾಕಿಕೊಡ್ತೀನಿ."

ಪಾರ್ಲಿನ್ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಚಹಾ ತರಲು ಎದ್ದು ಹೋದೆ.

ಎರಡು ದಿನದ ಮೇಲೆ ಪೈನೆಮ್ ದೊಡ್ಡಮ್ಮ ನನ್ನ ಅಂಗಡಿಗೆ ಬಂದರು. ಕುಟುಂಬದ ಕಾರ್ಡು, ಗುರುತಿನ ಚೀಟಿ, ಆರೋಗ್ಯ ವಿಮೆಯ ಕಾರ್ಡು, ಮೂರರದ್ದೂ ಎರಡೆರಡು ಪ್ರತಿ ಬೇಕೆಂದರು. ದೊಡ್ಡಾಸ್ಪತ್ರೆಗೆ ಹೋಗುವವರು ತರುವ ಕಾಗದಗಳೇ ಅವು.

"ದೊಡ್ಡಪ್ಪನಿಗಾ?" ಎಂದೆ.

"ಪ್ರತಿ ಮಾಡಿ ಇಟ್ಕೋತೀನಿ, ಅಷ್ಟೆ. ಅವರೆಲ್ಲಿ ಬರ್ತಾರೆ. ನಿನ್ನೆ ಕಾಲು ಒರೆಸುವಾಗ ನೋಡ್ತೀನಿ, ಅಂಗಾಲಲ್ಲಿ, ಬೆರಳಿನ ಬುಡಕ್ಕೇ, ಒಂದು ಸ್ಕ್ರೂ ಇಳಿದಿದೆ. ನಿಮ್ಮ ಕಾರಿನ ಚಿಕ್ಕ ಸ್ಕ್ರೂನೇ. ಎಷ್ಟು ದಿನದಿಂದ ಅದರ ಮೇಲೇ ನಡೆದಾಡ್ತಿದ್ರೋ, ಸುತ್ತ ಕಪ್ಪಗಾಗಿದೆ. ಅವರಿಗೆ ಗೊತ್ತೇ ಇಲ್ಲ."

"ಡಾಕ್ಟರ ಹತ್ರ ಹೋಗೋಣ ಅನ್ನಬೇಕಿತ್ತು."

"ಎರಡು ವರ್ಷದಿಂದ ಅಂತಿದ್ದೀನಿ ಕಣಪ್ಪಾ. ಕೈಕಾಲು ಜೋಮು ಹಿಡಿದಿದೆ, ತೋರಿಸಿ ಅಂದ್ರೆ, ಜೋಮು ಹಿಡಿದಿದ್ರೆ ಡಿಫ್ ತುಂಬೋಕಾಗುತ್ತಾ ಅಂತಾರೆ. ಭಾನುವಾರ ಮಾತ್ರ ಒಂಥರಾ ಹೆದರಿದ ಹಾಗೆ ಬಂದ್ರು. ಹೋಗೋಣ ಅಂತ ಬಾಯಿಗೆ ಬಂದಿತ್ತು. ಆಮೇಲೆ ಅವರೇ, ಬೇಡ, ಪ್ರಿಹಾದಿದು ಬಿಚ್ಚಿ ನೋಡ್ದೆ, ಸರಿಯಾಗೇ ಇತ್ತು ಅಂದ್ರು."

ಯಂತ್ರದ ಬೆಳಕು ಕಾರ್ಡಿನ ಕೆಳಗೆ ಹೋಗಿ ಬಂದಿತು. ಪ್ರತಿಗಳನ್ನು ಅವರ ಕೈಗೆ ಕೊಟ್ಟೆ. ಅವರು ಹೋದ ಮೇಲೆ ಅಂಗಡಿ ಮುಚ್ಚಿದೆ. ನಾನು ನಾಚಿದ್ದು ಕಡಿಮೆ, ಹೆದರಿದ್ದು ಹೆಚ್ಚು.

ದೊಡ್ಡಪ್ಪ ಜಗಲಿಯಲ್ಲಿ ಪಾರ್ಲಿನ್‌ನ ಡಿಫ್ ಬಿಚ್ಚಿಕೊಂಡು ಕುಳಿತಿದ್ದರು. ಬೆರಳನ್ನು ಬಾಟಲಿಗೆ ಅದ್ದಿ ಉಜ್ಜುತ್ತಿದ್ದರು. ಎಡಗಾಲಿಗೆ ಬಟ್ಟೆ ಸುತ್ತಿತ್ತು. ನಾನು ಕುಳಿತುಕೊಳ್ಳದೇ ಹೇಳಿದೆ.

"ಭಾನುವಾರ ಬಿಚ್ಚಿದ್ರಲ್ಲ ದೊಡ್ಡಪ್ಪ, ಅದು ನೀವು ತುಂಬಿದ್ದಲ್ಲ. ನಾನು ತುಂಬಿದ್ದು."

ಅವರ ಬೆರಳು ನಿಂತಿತು. "ಕಾಗದ?"

"ನಾನೇ ಕತ್ತರಿಸಿದ್ದು."

"ಸಿಮೆಂಟ್ ಚೀಲದ್ದೇ?"

"ಹೌದು."

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು. ಎಲ್ಲರೂ ಹಾಗೇ ಮಾಡ್ತಾರೆ. ನಿಮಗೆ ಬೇಜಾರಾಗುತ್ತೆ ಅಂತ..."

ಅವರು ಬಟ್ಟೆ ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ಬಾಟಲಿಗೆ ಮುಚ್ಚಳ ಹಾಕಿದರು.

"ಪ್ರತಿ ಭಾನುವಾರ ನಿನ್ನ ಕಾರು ನೋಡ್ತಿದ್ದೆ," ಎಂದರು. "ಬೇರೆಯವರದ್ದೂ ನೋಡ್ತಿದ್ದೆ, ಆದ್ರೆ ನಿಂದು ಹೆಚ್ಚು. ಕೈಲಿ ಏನೂ ಗೊತ್ತಾಗ್ತಿರಲಿಲ್ಲ ಕಣೋ. ಅಂದಾಜಿನ ಮೇಲೆ ಹಾಕ್ತಿದ್ದೆ. ಕಾರು ಸರಿಯಾಗಿ ಓಡಿದ್ರೆ, ಸದ್ಯ, ನನಗೆ ಗೊತ್ತಾಗದೆ ಇದ್ರೂ ಬೆರಳಿಗೆ ಗೊತ್ತಾಗ್ತಿದೆ ಅಂದ್ಕೋತಿದ್ದೆ. ಮನೆಗೆ ಬಂದು ಇವಳಿಗೂ ಅದನ್ನೇ ಹೇಳ್ತಿದ್ದೆ."

ನನಗೆ ಅಳು ಬಂದಿತು. ಅತ್ತರೆ ಅವರು ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ ಎಂದು ತಡೆದುಕೊಂಡೆ.

"ಕಾಗದ ಚೆನ್ನಾಗಿ ಕತ್ತರಿಸಿದ್ದೀಯಾ," ಎಂದರು ದೊಡ್ಡಪ್ಪ. "ನನಗೇ ಗೊತ್ತಾಗಲಿಲ್ಲ." ಆಮೇಲೆ ಒಳಗೆ ತಿರುಗಿ, ಕಾಗದಗಳ ಪ್ರತಿ ಆಗಿದೆಯಾ ಎಂದು ಹೆಂಡತಿಯನ್ನು ಕೇಳಿದರು.

ಆಸ್ಪತ್ರೆಯಲ್ಲಿ ಎಡಗಾಲಿನ ಎರಡು ಬೆರಳು ತೆಗೆದರು. ಎರಡು ವರ್ಷ ಮೊದಲೇ ಬಂದಿದ್ದರೆ ಎಂದು ಡಾಕ್ಟರು ಶುರು ಮಾಡಿದರು, ದೊಡ್ಡಮ್ಮನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಕೈಬೆರಳುಗಳಿಗೆ ಸ್ಪರ್ಶ ಮರಳುವುದಿಲ್ಲ, ಇನ್ನೂ ಕೆಡದಂತೆ ನೋಡಿಕೊಳ್ಳಬಹುದು ಎಂದರು. ಚಹಾಕ್ಕೆ ಸಕ್ಕರೆ ನಿಂತಿತು. ದೊಡ್ಡಪ್ಪನ ಬಾಯಿ ಸ್ವಲ್ಪ ಕಹಿಯಾದದ್ದು ಅದರಿಂದಲೇ ಎಂದು ವಾಹೋನೊ ಹೇಳಿಕೊಂಡು ತಿರುಗಿದ.

ಮೂರು ತಿಂಗಳ ಮೇಲೆ ಅವರು ಊರುಗೋಲು ಹಿಡಿದು ಪಂದ್ಯದ ದಾರಿಯ ಬಳಿ ಬಂದರು. ಮೇಜನ್ನು ಅಲ್ಲಿಗೇ ತರಿಸಿದ್ದರು. ಬಾಟಲಿಗಳಿಗೆಲ್ಲ ಈಗ ಪಾರ್ಲಿನ್ ಬರೆದು ಅಂಟಿಸಿದ ಅಂಕಿಗಳು, ಪಕ್ಕದಲ್ಲಿ ಎಣ್ಣೆ ತೂಗಿ ಬೆರೆಸಲು ಚಿನ್ನದಂಗಡಿಯಲ್ಲಿರುವಂಥ ಪುಟ್ಟ ತಕ್ಕಡಿ. ಇನ್ನು ಮೇಲೆ ಅವರವರ ಡಿಫ್ ಅವರವರೇ ಇಲ್ಲಿ ಕುಳಿತು ತುಂಬಬೇಕು, ನಾನು ನೋಡುತ್ತೇನೆ ಎಂದರು. ಕೈ ಹೋದರೂ ಅವರ ಕಣ್ಣು ಚೆನ್ನಾಗಿತ್ತು. ಗುಳ್ಳೆ ಉಳಿದದ್ದು, ರಬ್ಬರ್ ಬಳೆ ತಿರುಚಿಕೊಂಡದ್ದು, ಸ್ಕ್ರೂ ಸಾಲಾಗಿ ಬಿಗಿದದ್ದು, ಯಾವುದೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

"ಏನಯ್ಯಾ ಇದು, ಟೈರಿಗೆ ಗಾಳಿ ಹೊಡೆದ ಹಾಗೆ ಸುರೀತಿದ್ದೀಯಾ," ಎಂದು ಪಾರ್ಲಿನ್‌ಗೆ ಬೈಯುವರು. ಅವನು ತಿರುಗಿ, "ನಿಮ್ಮಷ್ಟು ತೆಳು ಹಾಕಿಲ್ಲವಲ್ಲ ದೊಡ್ಡಪ್ಪಾ" ಎನ್ನುವನು. ಮೊದಲ ಸಲ ಹಾಗಂದಾಗ ನಾವೆಲ್ಲ ಮತ್ತೆ ಕಾರುಗಳ ಕಡೆ ಬಗ್ಗಿದೆವು. ದೊಡ್ಡಪ್ಪ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ವಾಹೋನೊನನ್ನೂ ಬಿಡುತ್ತಿರಲಿಲ್ಲ, "ಮೊಟ್ಟೆ ಹಿಡಿಯೋ ಕೈಯಲ್ಲಿ ಇಷ್ಟು ಒರಟುತನ ಎಲ್ಲಿಂದ ಬಂತೋ ನಿನಗೆ" ಎಂದು ಎರಡೆರಡು ಸಲ ಬಿಚ್ಚಿಸುವರು. ಬೈಸಿಕೊಂಡವರು ಖುಷಿಯಿಂದಲೇ ಮತ್ತೆ ತುಂಬುತ್ತಿದ್ದರು.

ನನಗೆ ಬೈಯುತ್ತಿರಲಿಲ್ಲ. ನಾನು ಹೋದರೆ ಬೆಂಚಿನ ಮೇಲೆ ಸರಿದು ಜಾಗ ಮಾಡುವರು, ಅಂಗಡಿ ಹೇಗಿದೆ ಎಂದು ಕೇಳುವರು, ಹುರಿದ ಸೋಯಾ ತೆಂಪೆಯ ತಟ್ಟೆಯನ್ನು ನನ್ನ ಕಡೆಗೇ ಮೊದಲು ಚಾಚುವರು. ನಾನು ತುಂಬಿ ತೋರಿಸಿದ್ದನ್ನೆಲ್ಲ ನೋಡಿ "ಚೆನ್ನಾಗಿದೆ" ಎನ್ನುವರು. ಮೊದಲ ತಿಂಗಳು ನಾನು ನಿಜವಾಗಿಯೂ ಚೆನ್ನಾಗಿ ತುಂಬುತ್ತಿದ್ದೇನೆ ಎಂದುಕೊಂಡೆ. ಎರಡನೆಯ ತಿಂಗಳು ಅನುಮಾನ ಬಂದಿತು.

ಕಳೆದ ಭಾನುವಾರ ಪರೀಕ್ಷೆ ಮಾಡಿದೆ. ಅಡ್ಡಪಿನ್ನು ಮುಳುಗಿದ ಮೇಲೂ ಕೈ ನಿಲ್ಲಿಸಲಿಲ್ಲ. ಚಕ್ರಗಳು ಮುಳುಗಿದವು, ಎಣ್ಣೆ ಅಂಚಿಗೆ ಬಂದು ಉಬ್ಬಿ ನಿಂತಿತು. ಗುಳ್ಳೆಗಳೂ ಹಾಗೇ ಇದ್ದವು. ಇದನ್ನು ಓಡಿಸಿದರೆ ಎರಡು ಸುತ್ತಿನಲ್ಲಿ ಸೋರುತ್ತದೆ ಎಂದು ನಿನ್ನೆ ಮೊನ್ನೆ ಸೇರಿದವನಿಗೂ ಗೊತ್ತು. ಡಿಫ್ ಅನ್ನು ಅವರ ಮುಂದೆ ಸರಿಸಿದೆ.

"ಸಾಕಾ ದೊಡ್ಡಪ್ಪ?"

ಅವರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಎದುರಿಗಿದ್ದ ಪಾರ್ಲಿನ್ ಏನೋ ಹೇಳಲು ಬಾಯಿ ತೆರೆದ, ದೊಡ್ಡಪ್ಪ ಅವನ ತೋಳಿನ ಮೇಲೆ ಕೈಯಿಟ್ಟರು.

"ಚೆನ್ನಾಗಿದೆ," ಎಂದರು ನನಗೆ. "ಮುಚ್ಚು."

ನಾನು ಕಾಗದದ ಉಂಗುರ ಇಟ್ಟು ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿದೆ. ನಾಲ್ಕನೆಯದನ್ನು ಬಿಗಿಯುವಾಗ ಎಣ್ಣೆ ಅಂಚಿನಿಂದ ಹೊರಬಂದು ನನ್ನ ಬೆರಳಿಗೆಲ್ಲ ಹತ್ತಿತು. ದೊಡ್ಡಪ್ಪ ಅದನ್ನೂ ನೋಡಿದರು. ಒರೆಸಿಕೊಳ್ಳಲಿ ಎಂದು ತಮ್ಮ ಬಟ್ಟೆಯನ್ನು ನನ್ನ ಕಡೆ ಸರಿಸಿ, ಚಹಾ ತಣ್ಣಗಾಗುವ ಮೊದಲು ಕುಡಿ ಎಂದರು.